ಕಾರ್ಲ್ ಬೇಡೆಕರ್: ರೈನ್ ತೀರದಲ್ಲಿ ಪ್ರವಾಸಿಗನ ಸ್ವಾತಂತ್ರ್ಯಕ್ಕೆ ದುಡಿದ ಪುಸ್ತಕ ವ್ಯಾಪಾರಿ

ಜರ್ಮನಿ ನೋಡಲು ಹೊರಡುವವರ ಪಟ್ಟಿಯಲ್ಲಿ ಕೆಲವು ಊರುಗಳು ತಪ್ಪದೆ ಇರುತ್ತವೆ. ಕೊಲೋನ್‌ನ ಮಹಾಚರ್ಚು, ರೈನ್ ಕಣಿವೆಯ ಕೋಟೆಗಳು, ಹೈಡೆಲ್‌ಬರ್ಗ್‌ನ ಬೆಟ್ಟದ ಮೇಲಿನ ಪಾಳು ಅರಮನೆ, ನ್ಯೂರೆಂಬರ್ಗ್‌ನ ಹಳೆಯ ಪೇಟೆ, ಎಲ್ಬ್ ನದಿಯ ದಂಡೆಯ ಡ್ರೆಸ್ಡೆನ್. ಯಾವ ಊರಿನಲ್ಲಿ ಎಷ್ಟು ದಿನ ನಿಲ್ಲಬೇಕು, ಎಲ್ಲಿ ಇಳಿದುಕೊಳ್ಳಬೇಕು, ಯಾವ ದಾರಿ ಹಿಡಿದರೆ ನೋಟ ಚೆನ್ನ, ಯಾವುದಕ್ಕೆ ಎಷ್ಟು ಹಣ ತೆರಬೇಕು ಎಂಬ ಪ್ರಶ್ನೆಗಳಿಗೆ ಇಂದು ಅಂಗೈಯಲ್ಲಿರುವ ಮೊಬೈಲ್ ಫೋನು ಕ್ಷಣಾರ್ಧದಲ್ಲಿ ಉತ್ತರ ಕೊಡುತ್ತದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಈ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದವರು ಬಾಡಿಗೆಯ ಮಾರ್ಗದರ್ಶಿಗಳು, ಗಾಡಿಯವರು ಮತ್ತು ವಸತಿಗೃಹಗಳ ಯಜಮಾನರು. ಅವರ ಉತ್ತರಗಳಲ್ಲಿ ಪ್ರವಾಸಿಗನ ಹಿತಕ್ಕಿಂತ ಅವರವರ ಲಾಭದ ಲೆಕ್ಕಾಚಾರವೇ ಹೆಚ್ಚಾಗಿರುತ್ತಿದ್ದುದು ಸಹಜ.

ಈ ಅವಲಂಬನೆಯಿಂದ ಪ್ರವಾಸಿಗನನ್ನು ಬಿಡಿಸುವುದೇ ತಮ್ಮ ಕೆಲಸವೆಂದು ತಿಳಿದು, ಬದುಕಿನ ಕೊನೆಯ ಕಾಲು ಶತಮಾನವನ್ನು ಅದಕ್ಕಾಗಿ ಸವೆಸಿದವರು ಕಾರ್ಲ್ ಬೇಡೆಕರ್. ಅವರು ಮಹಾಕವಿಯಲ್ಲ, ಹೊಸ ನಾಡುಗಳನ್ನು ಕಂಡುಹಿಡಿದ ಸಾಹಸಿಯೂ ಅಲ್ಲ. ರೈನ್ ತೀರದ ಒಂದು ಮಧ್ಯಮ ಗಾತ್ರದ ಊರಿನಲ್ಲಿ ಪುಸ್ತಕದಂಗಡಿ ಇಟ್ಟುಕೊಂಡಿದ್ದ ವ್ಯಾಪಾರಿ. ಆದರೂ ಅವರ ಹೆಸರು ಯೂರೋಪಿನ ಹಲವು ಭಾಷೆಗಳಲ್ಲಿ ಪ್ರವಾಸಿ ಕೈಪಿಡಿ ಎಂಬುದಕ್ಕೇ ಪರ್ಯಾಯ ಪದವಾಯಿತು. ಅವರು ತೀರಿಕೊಂಡು 83 ವರ್ಷಗಳಾದ ಮೇಲೆ ಅದೇ ಹೆಸರು ಚೆಂದದ ಊರುಗಳ ಮೇಲೆ ಬಾಂಬು ಸುರಿಸುವ ದಾಳಿಗೂ ಅಂಟಿಕೊಂಡಿತು. ಒಬ್ಬ ಪ್ರಾಮಾಣಿಕ ವ್ಯಾಪಾರಿಯ ಹೆಸರಿಗೆ ಬಂದೊದಗಿದ ಈ ಎರಡು ಗತಿಗಳ ನಡುವೆ ಜರ್ಮನಿಯ ಪ್ರವಾಸಿ ಊರುಗಳ ಕಥೆಯೂ ಅಡಗಿದೆ.

ಮುದ್ರಣಾಲಯದ ಮನೆತನ

ಕಾರ್ಲ್ ಬೇಡೆಕರ್ ಹುಟ್ಟಿದ್ದು 1801ರ ನವೆಂಬರ್ 3ರಂದು, ಪಶ್ಚಿಮ ಜರ್ಮನಿಯ ಎಸ್ಸೆನ್‌ನಲ್ಲಿ. ಮುಂದೆ ಕಲ್ಲಿದ್ದಲು ಮತ್ತು ಉಕ್ಕಿಗೆ ಹೆಸರಾದ ಈ ನಗರ ಆಗಿನ್ನೂ ಸಣ್ಣ ಊರು. ತಂದೆ ಗಾಟ್‌ಶಾಲ್ಕ್ ಡೀಡರಿಖ್ ಬೇಡೆಕರ್ ಅವರಿಗೆ ಅಲ್ಲಿ ಮುದ್ರಣಾಲಯವೂ ಪುಸ್ತಕದಂಗಡಿಯೂ ಇದ್ದವು. ತಾತನ ಕಾಲದಿಂದಲೂ ಅದೇ ಕಸುಬು. ಹತ್ತು ಮಕ್ಕಳಲ್ಲಿ ಹಿರಿಯನಾದ ಕಾರ್ಲ್ ಅಚ್ಚಿನ ಮೊಳೆ, ಶಾಯಿ ಮತ್ತು ಹೊಸ ಕಾಗದದ ವಾಸನೆಯ ನಡುವೆಯೇ ಬೆಳೆದರು.

1817ರಲ್ಲಿ, ಹದಿಹರೆಯದಲ್ಲಿ, ಅವರು ಓದಲು ಹೈಡೆಲ್‌ಬರ್ಗ್‌ಗೆ ಹೋದರು. 1386ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿರುವ ಊರು ಅದು. ನೆಕರ್ ನದಿಯ ದಂಡೆಯಲ್ಲಿ ಇಕ್ಕಟ್ಟಾದ ಪೇಟೆ, ಅದರ ನೆತ್ತಿಯ ಮೇಲೆ ಕೆಂಗಲ್ಲಿನ ಅರಮನೆಯ ಅವಶೇಷ. ಫ್ರೆಂಚ್ ಸೇನೆ 1689 ಮತ್ತು 1693ರಲ್ಲಿ ಈ ಅರಮನೆಯನ್ನು ಹಾಳುಗೆಡವಿತ್ತು. ಉಳಿದದ್ದಕ್ಕೆ 1764ರಲ್ಲಿ ಸಿಡಿಲು ಬಡಿಯಿತು. ಊರಿನವರು ಅಲ್ಲಿಂದ ಕಲ್ಲು ಹೊತ್ತು ತಂದು ಮನೆ ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ, 1810ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಫ್ರೆಂಚ್ ಶ್ರೀಮಂತ ಚಾರ್ಲ್ಸ್ ದ ಗ್ರೇಂಬರ್ಗ್ ಆ ಅವಶೇಷವನ್ನು ಉಳಿಸಲು ಟೊಂಕ ಕಟ್ಟಿ ನಿಂತರು. ಅರಮನೆಯ ಚಿತ್ರಗಳನ್ನು ಬರೆದು ಅಚ್ಚು ಹಾಕಿಸಿ ಹರಡಿದವರೂ ಅವರೇ. ಹೀಗೆ ಒಂದು ಪಾಳು ಕಟ್ಟಡ ನೋಡತಕ್ಕ ಸ್ಥಳವಾಗಿ ಮಾರ್ಪಡುತ್ತಿದ್ದ ಹೊತ್ತಿನಲ್ಲೇ ಕಾರ್ಲ್ ಆ ಊರಿನ ವಿದ್ಯಾರ್ಥಿಯಾಗಿದ್ದರು.

ಓದಿನ ಜೊತೆಗೆ ಅವರು ಅಲ್ಲಿನ ಮೋರ್ ಎಂಬ ಪ್ರಕಾಶಕರ ಅಂಗಡಿಯಲ್ಲಿ ಕೆಲಸ ಕಲಿತರು. ಆ ಬಳಿಕ ಒಂದು ವರ್ಷ ಸೈನ್ಯದ ಸೇವೆ. ಅನಂತರ ಬರ್ಲಿನ್‌ಗೆ ಹೋಗಿ ಗೇಯಾರ್ಗ್ ಆಂಡ್ರಿಯಾಸ್ ರೈಮರ್ ಅವರ ಪ್ರಕಾಶನದಲ್ಲಿ ಸಹಾಯಕರಾದರು. ಗ್ರಿಮ್ ಸಹೋದರರ ಜನಪದ ಕಥೆಗಳ ಸಂಗ್ರಹವನ್ನು 1812ರಲ್ಲಿ ಹೊರತಂದ ಹೆಸರಾಂತ ಸಂಸ್ಥೆ ಅದು. ಪುಸ್ತಕವನ್ನು ಆರಿಸುವುದು, ತಿದ್ದುವುದು, ಅಚ್ಚು ಮಾಡಿಸುವುದು, ಮಾರುವುದು - ಈ ನಾಲ್ಕೂ ಕೆಲಸಗಳ ಒಳಗುಟ್ಟನ್ನು ತಿಳಿದುಕೊಂಡು ಅವರು ಎಸ್ಸೆನ್‌ಗೆ ಮರಳಿದರು. ಕೆಲಕಾಲ ತಂದೆಯೊಂದಿಗೆ ದುಡಿದ ಮೇಲೆ, ತಮ್ಮದೇ ಅಂಗಡಿ ತೆರೆಯಬೇಕೆಂದು ರೈನ್ ತೀರದ ಕೊಬ್ಲೆಂಜ್‌ಗೆ ಹೊರಟರು. 1827ರ ಜುಲೈ 1ರಂದು ಅಲ್ಲಿ ಅವರ ಪುಸ್ತಕ ವ್ಯಾಪಾರ ಆರಂಭವಾಯಿತು. ಆಗ ಅವರಿಗೆ 25 ವರ್ಷ.

ಎರಡು ನದಿಗಳ ಊರು

ಕೊಬ್ಲೆಂಜ್ ಎಂಬ ಹೆಸರು ಸಂಗಮ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಮೊಸೆಲ್ ನದಿ ಇಲ್ಲಿ ರೈನ್ ನದಿಯನ್ನು ಕೂಡುತ್ತದೆ. ಎದುರು ದಂಡೆಯಲ್ಲಿ ನದಿಮಟ್ಟದಿಂದ ನೂರು ಮೀಟರಿಗೂ ಹೆಚ್ಚು ಎತ್ತರದ ಬಂಡೆಯ ಮೇಲೆ ಏರನ್‌ಬ್ರೈಟ್‌ಸ್ಟೈನ್ ಕೋಟೆಯಿದೆ. ನೆಪೋಲಿಯನ್ ಸೋತ ಬಳಿಕ, 1815ರಲ್ಲಿ, ರೈನ್ ಪ್ರಾಂತ್ಯ ಪ್ರಷ್ಯಾ ರಾಜ್ಯದ ಕೈಸೇರಿತು. 1817ರಿಂದ 1828ರವರೆಗೆ ಪ್ರಷ್ಯನ್ನರು ಈ ಕೋಟೆಯನ್ನು ಹೊಸದಾಗಿ ಕಟ್ಟಿಸಿದರು. ಬೇಡೆಕರ್ ಊರಿಗೆ ಬಂದಾಗ ಎದುರಿನ ಬೆಟ್ಟದಲ್ಲಿ ಕಲ್ಲು ಕೆಲಸ ಇನ್ನೂ ಮುಗಿದಿರಲಿಲ್ಲ.

ಅವರು ಊರು ಸೇರಿದ ವರ್ಷವೇ ಇನ್ನೊಂದು ಬದಲಾವಣೆ ಆಯಿತು. 1827ರಲ್ಲಿ ಕೊಲೋನ್ ಮತ್ತು ಮೈಂಜ್ ನಗರಗಳ ನಡುವೆ ಉಗಿ ಹಡಗುಗಳು ಕ್ರಮವಾಗಿ ಓಡಲಾರಂಭಿಸಿದವು. ಅಲ್ಲಿಯವರೆಗೆ ಪ್ರವಾಹಕ್ಕೆ ಎದುರಾಗಿ ಹೋಗುವ ದೋಣಿಗಳನ್ನು ದಂಡೆಯ ಮೇಲೆ ನಡೆಯುವ ಕುದುರೆಗಳು ಹಗ್ಗ ಕಟ್ಟಿ ಎಳೆಯಬೇಕಿತ್ತು. ಉಗಿ ಹಡಗು ಬಂದ ಮೇಲೆ ಪ್ರಯಾಣದ ಸಮಯವನ್ನು ಮುಂದಾಗಿಯೇ ಲೆಕ್ಕ ಹಾಕುವುದು ಸಾಧ್ಯವಾಯಿತು. ವೇಳಾಪಟ್ಟಿ ಇದ್ದಲ್ಲಿ ಪ್ರವಾಸಿಗನೂ ಇರುತ್ತಾನೆ.

ಬರುವವರಿಗೆ ಕೊರತೆಯಿರಲಿಲ್ಲ. ಇಂಗ್ಲಿಷ್ ಕವಿ ಬೈರನ್ 1816ರಲ್ಲಿ ಈ ಕಣಿವೆಯನ್ನು ಹಾಡಿದ್ದರು. ಚಿತ್ರಕಾರ ಟರ್ನರ್ 1817ರಲ್ಲಿ ಇಲ್ಲಿ ಅಲೆದು ಚಿತ್ರ ಬರೆದಿದ್ದರು. ನದಿ ಕಿರಿದಾಗಿ ತಿರುಗುವ ಜಾಗದಲ್ಲಿ ನಿಂತ ಸುಮಾರು 130 ಮೀಟರ್ ಎತ್ತರದ ಲೋರೆಲೈ ಬಂಡೆಯ ಮೇಲೆ ಹೈನೆ 1824ರಲ್ಲಿ ಬರೆದ ಕವಿತೆ ಜರ್ಮನ್ನರ ಬಾಯಲ್ಲಿ ನಲಿಯಲಿತ್ತು. ದ್ರಾಕ್ಷಿ ತೋಟದ ಇಳಿಜಾರುಗಳು, ಗುಡ್ಡಕ್ಕೊಂದರಂತೆ ನಿಂತ ಪಾಳು ಕೋಟೆಗಳು, ಬಾಖರಾಖ್‌ನಂಥ ಮರದ ಚೌಕಟ್ಟಿನ ಮನೆಗಳ ಊರುಗಳು, ಕೌಬ್‌ನ ಬಳಿ ನದಿಯ ನಡುವೆಯೇ ಹಡಗಿನಂತೆ ನಿಂತ ಸುಂಕದ ಕೋಟೆ - ಇವೆಲ್ಲವನ್ನು ನೋಡಲು ಇಂಗ್ಲೆಂಡಿನಿಂದ, ಹಾಲೆಂಡಿನಿಂದ, ಜರ್ಮನಿಯದೇ ಬೇರೆ ಭಾಗಗಳಿಂದ ಜನ ಬರತೊಡಗಿದರು.

ಬಂದವರ ಪಾಡು ಮಾತ್ರ ಸುಲಭದ್ದಾಗಿರಲಿಲ್ಲ. ಆಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. 39 ರಾಜ್ಯಗಳ ಸಡಿಲ ಒಕ್ಕೂಟವಿತ್ತು. ಪ್ರಷ್ಯಾದಲ್ಲಿ ಥಾಲರ್ ನಾಣ್ಯವಾದರೆ ದಕ್ಷಿಣದ ರಾಜ್ಯಗಳಲ್ಲಿ ಗುಲ್ಡನ್. ಗಡಿ ದಾಟಿದರೆ ಸುಂಕದ ಕಟ್ಟೆ, ರಹದಾರಿಯ ತಪಾಸಣೆ. ಇಳಿದ ಊರಿನಲ್ಲಿ ಸಾಮಾನು ಹೊರುವವರು, ದಾರಿ ತೋರಿಸುವವರು, ಚರ್ಚಿನ ಬೀಗದ ಕೈ ಹಿಡಿದವರು ಎಲ್ಲರೂ ಕೈ ಚಾಚುವವರೇ. ಎಷ್ಟು ಭಕ್ಷೀಸು ಕೊಡುವುದು ನ್ಯಾಯ ಎಂಬುದು ಹೊರಗಿನವನಿಗೆ ತಿಳಿಯುತ್ತಿರಲಿಲ್ಲ. ತಿಳಿಯದಿರುವುದರಲ್ಲೇ ಊರಿನವರಿಗೆ ಲಾಭವಿತ್ತು. ಹಂಪಿಯಲ್ಲಿಯೋ ಮೈಸೂರಿನಲ್ಲಿಯೋ ಬಸ್ಸಿನಿಂದ ಇಳಿದೊಡನೆ ಸುತ್ತುವರಿಯುವ ದನಿಗಳನ್ನು ಕೇಳಿದವರಿಗೆ ಆ ಪ್ರವಾಸಿಗನ ಸಂಕಟವನ್ನು ಹೆಚ್ಚು ವಿವರಿಸಬೇಕಿಲ್ಲ.

ದಿವಾಳಿಯಾದ ಪ್ರಕಾಶನ, ಕೈಗೆ ಬಂದ ಪುಸ್ತಕ

1828ರಲ್ಲಿ ಕೊಬ್ಲೆಂಜ್‌ನ ಇನ್ನೊಬ್ಬ ಪ್ರಕಾಶಕ ಫ್ರಾಂಜ್ ಫ್ರೀಡ್ರಿಖ್ ರೋಲಿಂಗ್ ಒಂದು ಪುಸ್ತಕ ಹೊರತಂದಿದ್ದರು. ಮೈಂಜ್‌ನಿಂದ ಕೊಲೋನ್‌ವರೆಗಿನ ರೈನ್ ಪ್ರಯಾಣವನ್ನು ವಿವರಿಸುವ ಆ ಗ್ರಂಥವನ್ನು ಬರೆದವರು ಪ್ರಾಧ್ಯಾಪಕ ಯೋಹಾನ್ನೆಸ್ ಆಗಸ್ಟ್ ಕ್ಲೈನ್. ವೇಗವಾಗಿ ಪ್ರಯಾಣಿಸುವವರಿಗೆ ಕೈಪಿಡಿ ಎಂಬುದು ಅದರ ಉಪಶೀರ್ಷಿಕೆ. ಉಗಿ ಹಡಗಿನ ವೇಗವೇ ಜನರಿಗೆ ಆಗ ಮಹಾವೇಗವಾಗಿ ಕಂಡಿತ್ತು. ರೋಲಿಂಗ್ ಅವರ ಸಂಸ್ಥೆ ದಿವಾಳಿಯಾದಾಗ, 1832ರಲ್ಲಿ, ಬೇಡೆಕರ್ ಅದನ್ನು ಕೊಂಡರು. ಅದರ ಜೊತೆಗೆ ಕ್ಲೈನ್ ಅವರ ಪುಸ್ತಕದ ಹಕ್ಕೂ ಕೈಗೆ ಬಂತು.

ಅಷ್ಟರಲ್ಲಿ ಕ್ಲೈನ್ ತೀರಿಕೊಂಡಿದ್ದರು. ಹಳೆಯ ಪುಸ್ತಕವನ್ನೇ ಮತ್ತೆ ಅಚ್ಚು ಹಾಕಿಸಿ ಮಾರಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಬೇಡೆಕರ್ ಹಾಗೆ ಮಾಡಲಿಲ್ಲ. ಪುಸ್ತಕದಲ್ಲಿ ಇತಿಹಾಸ, ಐತಿಹ್ಯ ಬೇಕಾದಷ್ಟಿತ್ತು. ಪ್ರಯಾಣಿಕನಿಗೆ ದಿನದಿನವೂ ಬೇಕಾಗುವ ಸಂಗತಿಗಳು ಕಡಿಮೆಯಿದ್ದವು. ಅವರು ತಾವೇ ಓಡಾಡಿ ಕಂಡದ್ದನ್ನು ಸೇರಿಸಿ 1835ರಲ್ಲಿ ಹೊಸ ಆವೃತ್ತಿ ಹೊರತಂದರು. ಮರುಮುದ್ರಣವಾದಂತೆಲ್ಲ ಪುಸ್ತಕದಲ್ಲಿ ಪ್ರಾಧ್ಯಾಪಕರ ಪಾಲು ಕಡಿಮೆಯಾಗಿ ಪ್ರಯಾಣಿಕನ ಪಾಲು ಹೆಚ್ಚಿತು.

ಇದೇ ಹೊತ್ತಿಗೆ ಲಂಡನ್‌ನಲ್ಲಿ ಬೈರನ್‌ನ ಪ್ರಕಾಶಕರಾದ ಮರ್ರೆ ಮನೆತನದ ಮೂರನೆಯ ಜಾನ್ ಮರ್ರೆ ಇದೇ ಬಗೆಯ ಕೆಲಸಕ್ಕೆ ಕೈಹಾಕಿದ್ದರು. ಹಾಲೆಂಡ್, ಬೆಲ್ಜಿಯಂ, ಉತ್ತರ ಜರ್ಮನಿ ಮತ್ತು ರೈನ್ ಪ್ರದೇಶಗಳನ್ನು ಕುರಿತ ಅವರ ಕೈಪಿಡಿ 1836ರಲ್ಲಿ ಪ್ರಕಟವಾಯಿತು. ಸ್ಥಳಗಳನ್ನು ಪ್ರಯಾಣದ ಮಾರ್ಗಗಳಾಗಿ ಜೋಡಿಸುವ ಅವರ ಕ್ರಮ ಬೇಡೆಕರ್ ಅವರಿಗೆ ಮೆಚ್ಚಿಗೆಯಾಯಿತು. ಅದನ್ನು ತಮ್ಮ ಪುಸ್ತಕಗಳಿಗೆ ಅಳವಡಿಸಿಕೊಂಡ ಅವರು ಮರ್ರೆಯವರ ಋಣವನ್ನು ಮುಚ್ಚಿಡದೆ ಒಪ್ಪಿಕೊಂಡರು. ಮುಂದೆ ಕೆಂಪು ಹೊದಿಕೆಯನ್ನೂ ಅಲ್ಲಿಂದಲೇ ಪಡೆದರು. ಮೊದಮೊದಲು ತಿಳಿ ಹಳದಿ ರಟ್ಟಿನಲ್ಲಿ ಬರುತ್ತಿದ್ದ ಬೇಡೆಕರ್ ಕೈಪಿಡಿಗಳು 1850ರ ದಶಕದಲ್ಲಿ ಕೆಂಪು ಬಟ್ಟೆಯ ಹೊದಿಕೆ, ಚಿನ್ನದ ಅಕ್ಷರಗಳನ್ನು ಧರಿಸಿದವು. ಆ ಕೆಂಪೇ ಜಗತ್ತಿಗೆ ಅವರ ಗುರುತಾಗಿ ಉಳಿಯಿತು.

ಬಟಾಣಿ ಕಾಳಿನ ಲೆಕ್ಕ

ಬೇಡೆಕರ್ ಅವರ ಕೆಲಸದ ರೀತಿಯನ್ನು ತೋರುವ ಒಂದು ಪ್ರಸಂಗ ಬಹುಕಾಲದಿಂದ ಹೇಳಿಕೊಂಡು ಬಂದಿದೆ. ಇಟಲಿಯ ಮಿಲಾನ್ ನಗರದ ಮಹಾಚರ್ಚಿನ ಮಾಳಿಗೆಗೆ ಹತ್ತುತ್ತಿದ್ದ ಗಿಸ್ಬರ್ಟ್ ಫಾನ್ ವಿಂಕೆ ಎಂಬ ಜರ್ಮನ್ ಬರಹಗಾರರಿಗೆ ಮುಂದೆ ಹತ್ತುತ್ತಿದ್ದ ವ್ಯಕ್ತಿಯ ವರ್ತನೆ ವಿಚಿತ್ರವಾಗಿ ಕಂಡಿತು. ಆತ ಆಗಾಗ ನಿಂತು, ಅಂಗಿಯ ಜೇಬಿನಿಂದ ಏನನ್ನೋ ತೆಗೆದು ಷರಾಯಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆ ವ್ಯಕ್ತಿ ಕಾರ್ಲ್ ಬೇಡೆಕರ್. ಇಪ್ಪತ್ತು ಮೆಟ್ಟಿಲು ಹತ್ತಿದ ಕೂಡಲೇ ಒಂದು ಬಟಾಣಿ ಕಾಳನ್ನು ಈ ಜೇಬಿನಿಂದ ಆ ಜೇಬಿಗೆ ಸಾಗಿಸುತ್ತಿದ್ದರು. ಮೇಲೆ ತಲುಪಿದ ಮೇಲೆ ಕಾಳುಗಳನ್ನು ಎಣಿಸಿ ಇಪ್ಪತ್ತರಿಂದ ಗುಣಿಸಿದರೆ ಮೆಟ್ಟಿಲುಗಳ ಲೆಕ್ಕ ಸಿಗುತ್ತಿತ್ತು. ಇಳಿಯುವಾಗ ಇನ್ನೊಮ್ಮೆ ಎಣಿಸಿ ತಾಳೆ ನೋಡುತ್ತಿದ್ದರು.

ಮೆಟ್ಟಿಲಿನ ಸಂಖ್ಯೆ ಕ್ಷುಲ್ಲಕವೆಂದು ತೋರಬಹುದು. ಮಂಡಿನೋವಿನ ಹಿರಿಯರಿಗೆ, ಕೈಗೂಸು ಹೊತ್ತ ತಾಯಿಗೆ ಅದು ಕ್ಷುಲ್ಲಕವಲ್ಲ. ಹತ್ತುವ ಮೊದಲೇ ಸಂಖ್ಯೆ ತಿಳಿದಿದ್ದರೆ ಹತ್ತಬೇಕೋ ಬೇಡವೋ ಎಂಬ ತೀರ್ಮಾನ ಅವರ ಕೈಯಲ್ಲೇ ಇರುತ್ತದೆ. ಬೇಡೆಕರ್ ಅವರ ಎಲ್ಲ ವಿವರಗಳ ಹಿಂದೆ ಇದೇ ತತ್ವವಿತ್ತು. ಗಾಡಿಗೆ ಇಷ್ಟು ಬಾಡಿಗೆ, ಈ ವಸತಿಗೃಹದಲ್ಲಿ ಕೋಣೆಗೆ ಇಷ್ಟು, ಊಟಕ್ಕೆ ಇಷ್ಟು, ಬೀಗದ ಕೈ ತರುವವನಿಗೆ ಇಷ್ಟು ಎಂದು ಅವರು ಬರೆದಿಟ್ಟರು. ಬೆಲೆ ಗೊತ್ತಿದ್ದವನನ್ನು ಮೋಸಗೊಳಿಸುವುದು ಕಷ್ಟ.

ಇದಕ್ಕಾಗಿ ಅವರು ತಾವೇ ಊರೂರು ತಿರುಗಿದರು. ತಾನು ಯಾರೆಂದು ತಿಳಿಸಿದರೆ ವಸತಿಗೃಹದವರು ವಿಶೇಷ ಉಪಚಾರ ಮಾಡುತ್ತಾರೆ, ಸಾಮಾನ್ಯ ಪ್ರವಾಸಿಗೆ ಸಿಗುವುದೇನೆಂಬುದು ತಿಳಿಯುವುದಿಲ್ಲ ಎಂದು ಅರಿತು, ಗುರುತು ಹೇಳಿಕೊಳ್ಳದೆ ಉಳಿಯುತ್ತಿದ್ದರು. ಮರ್ರೆಯವರ ಕೈಪಿಡಿಗಳಲ್ಲಿ ಜಾಹೀರಾತುಗಳಿಗೆ ಜಾಗವಿತ್ತು. ಬೇಡೆಕರ್ ಮನೆತನದ ಕೈಪಿಡಿಗಳು ಜಾಹೀರಾತನ್ನು ದೂರವಿಟ್ಟು ಹೆಸರಾದವು.

ಸಮಯ ಕಡಿಮೆಯಿದ್ದವರಿಗಾಗಿ ಅವರು 1840ರ ದಶಕದಲ್ಲಿ ನಕ್ಷತ್ರದ ಗುರುತನ್ನು ಬಳಕೆಗೆ ತಂದರು. ಅವರಿಗಿಂತ ಮೊದಲು ಇಂಗ್ಲಿಷ್ ಲೇಖಕಿ ಮರಿಯಾನಾ ಸ್ಟಾರ್ಕ್ ನೋಡತಕ್ಕ ಕಲಾಕೃತಿಗಳ ಮುಂದೆ ಆಶ್ಚರ್ಯಸೂಚಕ ಚಿಹ್ನೆಗಳನ್ನು ಹಾಕುತ್ತಿದ್ದರು. ಬೇಡೆಕರ್ ಅವರ ನಕ್ಷತ್ರ ಅದಕ್ಕಿಂತ ಸಂಯಮದ್ದು. ನೋಡತಕ್ಕದ್ದಕ್ಕೆ ಒಂದು, ತಪ್ಪಿಸಿಕೊಳ್ಳಲೇಬಾರದ್ದಕ್ಕೆ ಎರಡು. ಬೇಡೆಕರ್ ಕೈಪಿಡಿಗಳಲ್ಲಿ ನಕ್ಷತ್ರದ ಲೆಕ್ಕ ಎರಡಕ್ಕೇ ನಿಂತಿತು. ಮೂರು ನಕ್ಷತ್ರ ಯಾವುದಕ್ಕೂ ಸಿಗಲಿಲ್ಲ. ಈ ಸಣ್ಣ ಸಂಗತಿಗೆ ಮುಂದೆ ಮಹತ್ವ ಬರಲಿತ್ತು.

ಒಂದಾಗದ ದೇಶಕ್ಕೆ ಒಂದು ಕೈಪಿಡಿ

1839ರಲ್ಲಿ ಬೆಲ್ಜಿಯಂ ಮತ್ತು ಹಾಲೆಂಡ್ ಕುರಿತ ಕೈಪಿಡಿಗಳು ಬಂದವು. 1842ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ ಸಾಮ್ರಾಜ್ಯದ ಕೈಪಿಡಿ, 1844ರಲ್ಲಿ ಸ್ವಿಟ್ಜರ್‌ಲೆಂಡ್. ಇವುಗಳಲ್ಲಿ 1842ರ ಪುಸ್ತಕ ವಿಶೇಷವಾದದ್ದು. ಜರ್ಮನಿ ರಾಜಕೀಯವಾಗಿ ಒಂದಾದದ್ದು 1871ರಲ್ಲಿ. ಅದಕ್ಕೆ 29 ವರ್ಷ ಮೊದಲೇ ಪುಸ್ತಕದಂಗಡಿಯ ಯಜಮಾನರೊಬ್ಬರು ಅದರ ಊರುಗಳನ್ನೆಲ್ಲ ಒಂದು ರಟ್ಟಿನೊಳಗೆ ತಂದರು.

ಆ ಕಾಲದ ಪ್ರವಾಸಿಗನಿಗೆ ಈ ಊರುಗಳು ಇಂದಿನಂತೆ ಕಾಣುತ್ತಿರಲಿಲ್ಲ. ಕೊಲೋನ್‌ನ ಮಹಾಚರ್ಚನ್ನೇ ನೋಡಬಹುದು. 1248ರಲ್ಲಿ ಆರಂಭವಾದ ಆ ಕಟ್ಟಡದ ಕೆಲಸ 16ನೆಯ ಶತಮಾನದಲ್ಲಿ ನಿಂತುಹೋಗಿತ್ತು. ಅರ್ಧಕ್ಕೆ ನಿಂತ ದಕ್ಷಿಣ ಗೋಪುರದ ಮೇಲೆ ಕಲ್ಲೆತ್ತುವ ಹಳೆಯ ಮರದ ಕ್ರೇನು ಶತಮಾನಗಳ ಕಾಲ ಹಾಗೆಯೇ ನಿಂತು ಊರಿನ ಲಾಂಛನದಂತಾಗಿತ್ತು. ಕೆಲಸ ಮತ್ತೆ ಶುರುವಾದದ್ದು 1842ರಲ್ಲಿ, ಅಂದರೆ ಬೇಡೆಕರ್ ಅವರ ಜರ್ಮನಿ ಕೈಪಿಡಿ ಪ್ರಕಟವಾದ ವರ್ಷದಲ್ಲೇ. 157 ಮೀಟರ್ ಎತ್ತರದ ಅವಳಿ ಗೋಪುರಗಳು ಪೂರ್ಣಗೊಂಡದ್ದು 1880ರಲ್ಲಿ. ಇಂದಿನ ಪ್ರವಾಸಿ 533 ಮೆಟ್ಟಿಲು ಹತ್ತಿ ದಕ್ಷಿಣ ಗೋಪುರದಿಂದ ರೈನ್ ನದಿಯನ್ನು ನೋಡುತ್ತಾನೆ. ಮೆಟ್ಟಿಲು ಎಣಿಸಿದ ಬೇಡೆಕರ್ ಅವರಿಗೆ ಆ ಗೋಪುರವನ್ನು ಪೂರ್ಣರೂಪದಲ್ಲಿ ನೋಡುವ ಯೋಗ ಬರಲಿಲ್ಲ.

ಕೊಬ್ಲೆಂಜ್‌ನ ಸಮೀಪದ ಸ್ಟೋಲ್ಜನ್‌ಫೆಲ್ಸ್ ಕೋಟೆಯ ಕಥೆಯೂ ಅದೇ ಕಾಲದ್ದು. ಪಾಳುಬಿದ್ದಿದ್ದ ಅದನ್ನು ಪ್ರಷ್ಯಾದ ರಾಜಮನೆತನ 1836 ಮತ್ತು 1842ರ ನಡುವೆ ಕಾವ್ಯದ ಅರಮನೆಯಂತೆ ಮತ್ತೆ ಕಟ್ಟಿಸಿತು. ನದಿಯ ಎರಡೂ ಬದಿಯ ಕೋಟೆಗಳಲ್ಲಿ ಹಲವು ಹೀಗೆ 19ನೆಯ ಶತಮಾನದಲ್ಲಿ ಮರುಜನ್ಮ ಪಡೆದವು. ಮಧ್ಯಯುಗದಿಂದ ನಾಶವಾಗದೆ ಉಳಿದು ಬಂದ ಮಾರ್ಕ್ಸ್‌ಬರ್ಗ್ ಅಪವಾದ. ಪ್ರವಾಸಿಗರು ಬರುತ್ತಾರೆಂಬ ಕಾರಣಕ್ಕೆ ಹಳೆಯದು ಹೊಸದಾಗುವ ಕ್ರಮ ಆಗಲೇ ಆರಂಭವಾಗಿತ್ತು.

ನ್ಯೂರೆಂಬರ್ಗ್‌ನಲ್ಲಿ ಹಳತು ಹೊಸತು ಎದುರುಬದುರಾಗಿ ನಿಂತಿದ್ದವು. ಕೋಟೆಗೋಡೆ, ಕಡಿದಾದ ಮಾಡುಗಳ ಮನೆ, ಚಿತ್ರಕಾರ ಡ್ಯೂರರ್ ಬಾಳಿದ ಮನೆ ಇವೆಲ್ಲ ಒಂದು ಕಡೆ. 1835ರ ಡಿಸೆಂಬರ್ 7ರಂದು ಜರ್ಮನಿಯ ಮೊದಲ ಉಗಿಬಂಡಿ ರೈಲು ಹೊರಟದ್ದೂ ಅದೇ ಊರಿನಿಂದ, ನೆರೆಯ ಫ್ಯೂರ್ತ್‌ಗೆ. ಅಲ್ಲಿಂದ ಮುಂದೆ ರೈಲು ಹಳಿ ಬೆಳೆದಷ್ಟು ವೇಗವಾಗಿ ಬೇಡೆಕರ್ ತಮ್ಮ ಪುಸ್ತಕಗಳನ್ನು ತಿದ್ದಬೇಕಾಯಿತು. ಎರಡು ದಿನದ ಗಾಡಿಯ ದಾರಿ ಕೆಲವೇ ಗಂಟೆಗಳಿಗೆ ಇಳಿದರೆ ಹಳೆಯ ಪುಟ ಸುಳ್ಳಾಗುತ್ತದೆ. ಸುಳ್ಳಾದ ಪುಟವನ್ನು ಮಾರಲು ಅವರಿಗೆ ಮನಸ್ಸಿರಲಿಲ್ಲ. ಹೀಗಾಗಿ ಆವೃತ್ತಿಯಿಂದ ಆವೃತ್ತಿಗೆ ಮತ್ತೆ ಮತ್ತೆ ಪ್ರಯಾಣ, ಮತ್ತೆ ಮತ್ತೆ ತಿದ್ದುಪಡಿ.

ಈ ದುಡಿಮೆಗೆ ದೇಹ ಬೆಲೆ ತೆತ್ತಿತು. 1859ರ ಅಕ್ಟೋಬರ್ 4ರಂದು ಕೊಬ್ಲೆಂಜ್‌ನಲ್ಲಿ ಅವರು ನಿಧನರಾದಾಗ ಇನ್ನೂ 58 ತುಂಬಿರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಕೊಲೋನ್‌ನ ಮಹಾಚರ್ಚಿನ ಬಳಿ ರೈನ್ ನದಿಗೆ ಕಟ್ಟಿದ ರೈಲು ಸೇತುವೆ ಸಂಚಾರಕ್ಕೆ ತೆರೆಯಿತು. ಉಗಿ ಹಡಗಿನ ಕಾಲದಲ್ಲಿ ಆರಂಭವಾದ ಬದುಕು ರೈಲಿನ ಕಾಲದ ಹೊಸ್ತಿಲಲ್ಲಿ ಮುಗಿಯಿತು.

ಮಕ್ಕಳ ಕೈಯಲ್ಲಿ ಬೆಳೆದ ಹೆಸರು

ತಂದೆಯ ಕೆಲಸವನ್ನು ಮೂವರು ಮಕ್ಕಳು ಒಬ್ಬರಾದ ಮೇಲೊಬ್ಬರಂತೆ ಮುಂದುವರಿಸಿದರು. ಹಿರಿಯ ಮಗ ಎರ್ನ್ಸ್ಟ್ ಎರಡು ವರ್ಷ ಕಳೆಯುವುದರೊಳಗೆ, 1861ರಲ್ಲಿ, ತೀರಿಕೊಂಡರು. ರೈನ್ ಕೈಪಿಡಿಯ ಇಂಗ್ಲಿಷ್ ಆವೃತ್ತಿ ಬಂದದ್ದು ಅದೇ ವರ್ಷ. ಅನಂತರ ಎರಡನೆಯ ಮಗ ಕಾರ್ಲ್, ಬಳಿಕ ಕಿರಿಯವರಾದ ಫ್ರಿಟ್ಜ್ ಹೊಣೆ ಹೊತ್ತರು. 1872ರಲ್ಲಿ ಸಂಸ್ಥೆ ಕೊಬ್ಲೆಂಜ್ ಬಿಟ್ಟು ಜರ್ಮನ್ ಪ್ರಕಾಶನದ ರಾಜಧಾನಿಯಾಗಿದ್ದ ಲೈಪ್‌ಜಿಗ್‌ಗೆ ಹೋಯಿತು. ಅಲ್ಲಿ ತಯಾರಾದ ನಕ್ಷೆಗಳ ಸ್ಪಷ್ಟತೆಗೆ ಸಾಟಿಯಿಲ್ಲವೆಂದು ಪ್ರಯಾಣಿಕರು ಒಪ್ಪಿದರು.

ಚಕ್ರವರ್ತಿ ಒಂದನೆಯ ವಿಲ್ಹೆಲ್ಮ್ ಬರ್ಲಿನ್ ಅರಮನೆಯ ಕಿಟಕಿಯಲ್ಲಿ ಪ್ರತಿ ಮಧ್ಯಾಹ್ನ ಕಾಣಿಸಿಕೊಳ್ಳುತ್ತಿದ್ದುದಕ್ಕೆ, ಹಾಗೆಂದು ಬೇಡೆಕರ್ ಕೈಪಿಡಿಯಲ್ಲಿ ಅಚ್ಚಾಗಿದೆ, ನೋಡಲು ಬಂದ ಜನ ನಿರಾಶರಾಗಬಾರದು ಎಂಬ ಕಾರಣ ಕೊಡುತ್ತಿದ್ದರೆಂಬ ಕಥೆಯಿದೆ. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1908ರ ತಮ್ಮ ಕೃತಿಯೊಂದರಲ್ಲಿ ಕೈಯಲ್ಲಿ ಬೇಡೆಕರ್ ಇಲ್ಲದೆ ಫ್ಲಾರೆನ್ಸ್‌ನ ಚರ್ಚಿನಲ್ಲಿ ತಬ್ಬಿಬ್ಬಾಗುವ ಯುವತಿಯನ್ನು ಚಿತ್ರಿಸಿದರು. ಆ ಹಾಸ್ಯದಲ್ಲಿ ಒಂದು ವಿಮರ್ಶೆಯೂ ಇತ್ತು. ಬಾಡಿಗೆ ಮಾರ್ಗದರ್ಶಿಯಿಂದ ಬಿಡುಗಡೆ ಪಡೆದ ಪ್ರವಾಸಿ ಈಗ ಪುಸ್ತಕದ ಅಧೀನನಾಗಿದ್ದ. ನಕ್ಷತ್ರವಿದ್ದರೆ ನೋಡುವುದು, ಇಲ್ಲದಿದ್ದರೆ ಮುಂದೆ ಸಾಗುವುದು ರೂಢಿಯಾಯಿತು. ಸ್ವಂತ ಕಣ್ಣಿನಿಂದ ನೋಡಲಿ ಎಂದು ಬರೆದ ಪುಸ್ತಕ ಕಣ್ಣಿನ ಬದಲಿಗೆ ಬಳಕೆಯಾದದ್ದು ಬೇಡೆಕರ್ ಎಣಿಸದಿದ್ದ ಪರಿಣಾಮ.

ಈ ಮಾಲಿಕೆ ನಮ್ಮ ದೇಶವನ್ನೂ ಮುಟ್ಟಿತು. ಭಾರತ, ಸಿಲೋನ್, ಬರ್ಮಾ, ಸಯಾಂ, ಜಾವಾಗಳನ್ನೊಳಗೊಂಡ ಬೇಡೆಕರ್ ಕೈಪಿಡಿ 1914ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮಹಾಯುದ್ಧ ಆರಂಭವಾಗಿ ಜರ್ಮನ್ ಪ್ರವಾಸಿಗರಿಗೆ ಬ್ರಿಟಿಷ್ ಭಾರತದ ಬಾಗಿಲು ಮುಚ್ಚಿತು. ಇಂಗ್ಲಿಷ್ ಆವೃತ್ತಿ ಆಗ ಬರಲಿಲ್ಲ.

ಹೆಸರಿಗೆ ಬಂದ ಗ್ರಹಣ

1942ರ ಮಾರ್ಚ್ 28ರ ರಾತ್ರಿ ಬ್ರಿಟನ್ನಿನ ವಿಮಾನಗಳು ಬಾಲ್ಟಿಕ್ ತೀರದ ಲ್ಯೂಬೆಕ್ ನಗರದ ಹಳೆಯ ಪೇಟೆಯನ್ನು ಸುಟ್ಟವು. ಅದಕ್ಕೆ ಪ್ರತಿಯಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಜರ್ಮನ್ ವಿಮಾನಗಳು ಎಕ್ಸೆಟರ್, ಬಾತ್, ನಾರ್ವಿಚ್, ಯಾರ್ಕ್, ಕ್ಯಾಂಟರ್‌ಬರಿ ನಗರಗಳ ಮೇಲೆ ದಾಳಿ ಮಾಡಿದವು. ಇವುಗಳ ಪ್ರಸಿದ್ಧಿ ಕಾರ್ಖಾನೆಗಳಿಂದ ಬಂದದ್ದಲ್ಲ, ಹಳೆಯ ಚರ್ಚು ಮತ್ತು ಬೀದಿಗಳಿಂದ ಬಂದದ್ದು. ಜರ್ಮನ್ ವಿದೇಶಾಂಗ ಇಲಾಖೆಯ ವಕ್ತಾರರೊಬ್ಬರು ಬೇಡೆಕರ್ ಕೈಪಿಡಿಯಲ್ಲಿ ಮೂರು ನಕ್ಷತ್ರ ಪಡೆದ ಕಟ್ಟಡಗಳನ್ನೆಲ್ಲ ಉರುಳಿಸುವುದಾಗಿ ಜಂಬ ಕೊಚ್ಚಿದರೆಂದು ವರದಿಯಾಯಿತು. ಬೇಡೆಕರ್ ಕೈಪಿಡಿಯಲ್ಲಿ ಮೂರು ನಕ್ಷತ್ರವೆಂಬುದೇ ಇರಲಿಲ್ಲ ಎಂಬ ಅರಿವೂ ಅವರಿಗೆ ಇದ್ದಂತಿಲ್ಲ. ಸುಮಾರು 1,600 ನಾಗರಿಕರನ್ನು ಬಲಿತೆಗೆದುಕೊಂಡ ಆ ದಾಳಿಗಳಿಗೆ ಬೇಡೆಕರ್ ದಾಳಿಗಳು ಎಂಬ ಹೆಸರೇ ಇತಿಹಾಸದಲ್ಲಿ ನಿಂತುಹೋಯಿತು.

ಮರುವರ್ಷ, 1943ರ ಡಿಸೆಂಬರ್ 4ರ ನಸುಕಿನಲ್ಲಿ, ಬ್ರಿಟಿಷ್ ವಿಮಾನಗಳ ದಾಳಿಗೆ ಲೈಪ್‌ಜಿಗ್‌ನ ಪ್ರಕಾಶಕರ ಬಡಾವಣೆ ಉರಿದುಹೋಯಿತು. ಬೇಡೆಕರ್ ಸಂಸ್ಥೆಯ ಕಚೇರಿ, ನೂರು ವರ್ಷಗಳಿಂದ ಕೂಡಿಟ್ಟ ಕಾಗದಪತ್ರಗಳು ಬೂದಿಯಾದವು. 1944ರ ನವೆಂಬರ್‌ನಲ್ಲಿ ಕೊಬ್ಲೆಂಜ್, 1945ರ ಜನವರಿಯಲ್ಲಿ ನ್ಯೂರೆಂಬರ್ಗ್, ಫೆಬ್ರವರಿಯಲ್ಲಿ ಡ್ರೆಸ್ಡೆನ್ ಹಾಳಾದವು. ಕೊಲೋನ್‌ನ ಹಳೆಯ ಪೇಟೆ ನೆಲಸಮವಾಗಿ ಮಹಾಚರ್ಚು ಮಾತ್ರ ಗಾಯಗೊಂಡು ನಿಂತಿತ್ತು. ಹೈಡೆಲ್‌ಬರ್ಗ್ ಬಹುಮಟ್ಟಿಗೆ ಪಾರಾಯಿತು. ಬೇಡೆಕರ್ ನಡೆದು, ಅಳೆದು, ಎಣಿಸಿದ ಜರ್ಮನಿಯ ಬಹುಭಾಗ ಅವರ ಪುಸ್ತಕಗಳ ಪುಟಗಳಲ್ಲಿ ಮಾತ್ರ ಉಳಿಯಿತು.

ಮನೆತನದವರು ಎದೆಗುಂದಲಿಲ್ಲ. ಸಂಸ್ಥಾಪಕರ ಮರಿಮಗ ಕಾರ್ಲ್ ಫ್ರೀಡ್ರಿಖ್ ಬೇಡೆಕರ್ 1948ರಲ್ಲಿ ಲೈಪ್‌ಜಿಗ್ ನಗರದ ಒಂದು ಕೈಪಿಡಿಯೊಂದಿಗೆ ಕೆಲಸವನ್ನು ಮತ್ತೆ ಆರಂಭಿಸಿದರು. ಊರುಗಳೂ ಎದ್ದು ನಿಂತವು. ನ್ಯೂರೆಂಬರ್ಗ್ ತನ್ನ ಬೀದಿಗಳನ್ನು ಹಳೆಯ ವಿನ್ಯಾಸದ ಮೇಲೆಯೇ ಕಟ್ಟಿಕೊಂಡಿತು. ಡ್ರೆಸ್ಡೆನ್‌ನ ಫ್ರೌವನ್‌ಕಿರ್ಕೆ ಚರ್ಚು ಹಳೆಯ ಸುಟ್ಟ ಕಲ್ಲುಗಳನ್ನೂ ಸೇರಿಸಿಕೊಂಡು ಮತ್ತೆ ಪೂರ್ಣವಾಗಿ 2005ರ ಅಕ್ಟೋಬರ್ 30ರಂದು ಪೂಜೆಗೆ ತೆರೆಯಿತು. ತಿಳಿ ಬಣ್ಣದ ಹೊಸ ಕಲ್ಲುಗಳ ನಡುವಿನ ಕಪ್ಪು ಕಲ್ಲುಗಳು ನಡೆದುದನ್ನು ಮರೆಮಾಚುವುದಿಲ್ಲ.

ಇಂದಿನ ಪ್ರವಾಸಿಗೆ ಉಳಿದದ್ದು

ಬೇಡೆಕರ್ ಆರಂಭಿಸಿದ ದಾರಿಯನ್ನು ಇಂದೂ ಹಿಡಿಯಬಹುದು. ಕೊಬ್ಲೆಂಜ್‌ನಿಂದ ಬಿಂಗನ್ ಮತ್ತು ರ್ಯೂಡೆಸ್‌ಹೈಮ್‌ವರೆಗಿನ ಸುಮಾರು 65 ಕಿಲೋಮೀಟರ್ ಕಣಿವೆಯನ್ನು ಯುನೆಸ್ಕೋ 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನದಿಯ ಎರಡೂ ದಂಡೆಗಳಲ್ಲಿ ರೈಲು ಓಡುತ್ತದೆ. ಈ ಕಣಿವೆಯಲ್ಲಿ ನದಿಗೆ ಅಡ್ಡಲಾಗಿ ಸೇತುವೆಯಿಲ್ಲ. ಆಚೆ ದಡಕ್ಕೆ ಹೋಗಬೇಕೆಂದರೆ ಬೇಡೆಕರ್ ಕಾಲದಂತೆ ದೋಣಿಯನ್ನೇ ಕಾಯಬೇಕು. ಕೊಬ್ಲೆಂಜ್‌ನ ಸಂಗಮದಿಂದ ಏರನ್‌ಬ್ರೈಟ್‌ಸ್ಟೈನ್ ಕೋಟೆಗೆ 2010ರಲ್ಲಿ ತೂಗುಗಾಡಿ ಬಂದಿದೆ. ಅದರಲ್ಲಿ ಹೋಗುವವರಿಗೆ ಎರಡು ನದಿಗಳ ನೀರು ಬೆರೆಯುವುದು ಕಾಲ ಕೆಳಗೇ ಕಾಣುತ್ತದೆ.

ಕೆಂಪು ಹೊದಿಕೆಯ ಹಳೆಯ ಕೈಪಿಡಿಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಯುದ್ಧದಲ್ಲಿ ಅಳಿದ ಬೀದಿಯಲ್ಲಿ ಯಾವ ಕಟ್ಟಡವಿತ್ತು, ಚರ್ಚಿನಲ್ಲಿ ಯಾವ ಚಿತ್ರ ಯಾವ ಗೋಡೆಯಲ್ಲಿತ್ತು ಎಂದು ತಿಳಿಯಬಯಸುವವರು ಅವುಗಳನ್ನು ತೆರೆಯುತ್ತಾರೆ. ಒಂದು ಪ್ರವಾಸಕ್ಕೆ ಉಪಯೋಗವಾಗಲಿ ಎಂದು ಬರೆದದ್ದು ಒಂದು ನಾಡಿನ ನೆನಪಿನ ದಾಖಲೆಯಾಗಿದೆ. ಅದು ಹಾಗಾದದ್ದಕ್ಕೆ ಕಾರಣ ಅದರ ಶೈಲಿಯಲ್ಲ, ನಿಖರತೆ.

ಈಗ ಪ್ರವಾಸಿಗನಿಗೆ ಮಾಹಿತಿಯ ಬರವಿಲ್ಲ. ಪ್ರತಿಯೊಂದು ಹೋಟೆಲಿಗೂ, ಕೋಟೆಗೂ, ಕಾಫಿ ಅಂಗಡಿಗೂ ಸಾವಿರಾರು ಜನ ಐದೈದು ನಕ್ಷತ್ರ ಹಂಚುತ್ತಾರೆ. ಅವುಗಳಲ್ಲಿ ಎಷ್ಟು ಕಂಡು ಬರೆದದ್ದು, ಎಷ್ಟು ಕೊಂಡು ಬರೆಸಿದ್ದು ಎಂದು ಹೇಳುವುದು ಕಷ್ಟ. ಬಾಡಿಗೆ ಮಾರ್ಗದರ್ಶಿ ಬೇರೆ ವೇಷದಲ್ಲಿ ಮರಳಿ ಬಂದಿದ್ದಾನೆ. ಇಂಥ ಹೊತ್ತಿನಲ್ಲಿ, ಓದುಗನಿಂದಲ್ಲದೆ ಬೇರೆ ಯಾರಿಂದಲೂ ಹಣ ಪಡೆಯದೆ, ಎರಡಕ್ಕಿಂತ ಹೆಚ್ಚು ನಕ್ಷತ್ರ ಕೊಡದೆ, ಹತ್ತುವಾಗ ಒಮ್ಮೆ ಇಳಿಯುವಾಗ ಒಮ್ಮೆ ಮೆಟ್ಟಿಲು ಎಣಿಸಿದ ಕೊಬ್ಲೆಂಜ್‌ನ ಪುಸ್ತಕ ವ್ಯಾಪಾರಿಯನ್ನು ನೆನೆಯುವುದು ಉಚಿತ. ಜರ್ಮನಿಗೆ ಹೋಗುವವರು ಅವರ ಊರಿನಲ್ಲಿ ಒಂದು ದಿನ ನಿಂತು, ನಕ್ಷತ್ರವಿಲ್ಲದ ಒಂದು ಬೀದಿಯಲ್ಲಿಯೂ ನಡೆದು ಬರಬಹುದು.